ಲಾರಿಯ ಸ್ಪೀಡೋಮೀಟರ್ ನಿಂತರೆ ಮೀಟರನ್ನೇ ಬದಲಿಸಬೇಕೇ?

ಲಾರಿ ಓಡುತ್ತಿದ್ದರೂ ಸ್ಪೀಡೋಮೀಟರಿನ ಮುಳ್ಳು ಸೊನ್ನೆಯಲ್ಲೇ ಇದ್ದರೆ ನಾವು ಮೊದಲು ಮೀಟರನ್ನೇ ದೂರುತ್ತೇವೆ. ಆದರೆ ಈಗಿನ ಬಹುತೇಕ ಲಾರಿಗಳಲ್ಲಿ ಗೇರ್‌ಬಾಕ್ಸಿನ ಹಿಂತುದಿಯ ಸೆನ್ಸರ್ ಶಾಫ್ಟಿನ ಸುತ್ತುಗಳನ್ನು ಎಣಿಸುತ್ತದೆ. ಮೀಟರ್ ಅದನ್ನು ವೇಗವಾಗಿ ತೋರಿಸುತ್ತದೆ, ಅಷ್ಟೆ.

ಉಳಿದ ಮುಳ್ಳುಗಳೂ ನಿಂತಿದ್ದರೆ ಮೊದಲು ಫ್ಯೂಸ್ ನೋಡೋಣ. ವೇಗದ ಮುಳ್ಳು ಮಾತ್ರ ನಿಂತಿದ್ದರೆ, ಎಂಜಿನ್ ಆರಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ಸೆನ್ಸರಿನ ಕನೆಕ್ಟರ್ ಸಡಿಲವಾಗಿದೆಯೇ, ವೈರ್ ತುಂಡಾಗಿದೆಯೇ, ಸೆನ್ಸರಿನ ತುದಿಗೆ ಲೋಹದ ಪುಡಿ ಅಂಟಿದೆಯೇ ಎಂದು ಪರೀಕ್ಷಿಸಬೇಕು. ಇವೆಲ್ಲ ಸರಿಯಿದ್ದ ಮೇಲೆಯೇ ಮೀಟರಿನ ಸರದಿ.

ಆಡುವ ಮುಳ್ಳೂ ಸುಳ್ಳು ಹೇಳಬಹುದು. ಸುತ್ತಳತೆ ಶೇ. 5ರಷ್ಟು ಹೆಚ್ಚಿರುವ ಟೈರ್ ಹಾಕಿಸಿದರೆ, ಮೀಟರ್ 60 ತೋರಿಸುವಾಗ ಲಾರಿ ನಿಜವಾಗಿ ಗಂಟೆಗೆ 63 ಕಿ.ಮೀ. ವೇಗದಲ್ಲಿರುತ್ತದೆ. ಆದ್ದರಿಂದ ಟೈರಿನ ಅಳತೆ ಬದಲಾದರೆ ಮೀಟರನ್ನೂ ಹೊಂದಿಸಬೇಕು. ವೇಗ ತಿಳಿಯದೆ ತುಂಬಿದ ಲಾರಿಯಲ್ಲಿ ಘಾಟಿ ಇಳಿಯುವುದು ಅಪಾಯ.