ಮಧ್ಯಸ್ಥನ ಕೂಲಿ

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ದಿಂಡಿಗಲ್ ಸೀಮೆಯ ರೈತನ ಎತ್ತು ಕಳುವಾದರೆ ಅವನು ಠಾಣೆಗೆ ಹೋಗುತ್ತಿದ್ದುದು ಅಪರೂಪ. ಹುಡುಕುತ್ತಿದ್ದುದು ನಡುವೆ ನಿಂತು ಮಾತಾಡುವವನನ್ನು. ಎತ್ತಿನ ಬೆಲೆಯ ಸುಮಾರು ಅರ್ಧದಷ್ಟು ‘ತುಪ್ಪುಕೂಲಿ’, ಎಂದರೆ ಸುಳಿವು ಕೊಟ್ಟದ್ದರ ಕೂಲಿ, ಸಂದಾಯವಾದರೆ ಎತ್ತು ದಾರಿ ತಪ್ಪಿ ಬಂದಂತೆ ಒಡೆಯನ ಹೊಲದಲ್ಲೇ ಸಿಗುತ್ತಿತ್ತು. ಬ್ರಿಟಿಷ್ ಅಧಿಕಾರಿ ಡಬ್ಲ್ಯು. ಫ್ರಾನ್ಸಿಸ್ 1906ರ ಮಧುರೆ ಗೆಜೆಟಿಯರ್‌ನಲ್ಲಿ ಈ ವ್ಯವಹಾರವನ್ನು ದಾಖಲಿಸಿದ್ದಾನೆ.

ಒಡ್ಡನ್‌ಛತ್ರಂನಿಂದ ಕಂಬಂ ಕಣಿವೆಯವರೆಗಿನ ಈ ನೆಲದಲ್ಲಿ ಕನ್ನಡ ಮನೆಮಾತಿನ ಒಕ್ಕಲು ಕುಲಗಳೂ ಇವೆ. ಕಂಬಂನ ಕಾಪ್ಪಿಲಿಯರು ದೇವರ ಹೆಸರಿನಲ್ಲಿ ದನದ ಒಂದು ಹಿಂಡನ್ನೇ ಸಾಕಿಕೊಂಡು ಬಂದವರು. ಇಂಥವರಿಗೆ ದನ ಕಳೆಯುವುದೆಂದರೆ ಬರೀ ದುಡ್ಡಿನ ನಷ್ಟವಲ್ಲ.

ಊರು ಕಾಯುವ ‘ಕಾವಲ್’ ಹಕ್ಕು ಹಲವೆಡೆ ಕಳ್ಳರ್ ಸಮುದಾಯದವರದಾಗಿತ್ತು. ಕಾಯುವವರಿಗೆ ರೈತರು ವರ್ಷಕ್ಕಿಷ್ಟು ಎಂದು ಕೊಡುತ್ತಿದ್ದರು. ಕೊಡದ ಊರಿನಲ್ಲಿ ಕಳುವು ಹೆಚ್ಚುತ್ತಿತ್ತು. 1896ರಲ್ಲಿ ಅಮ್ಮೈಯಪ್ಪ ಕೋನ್ ಎಂಬ ಗೊಲ್ಲರವನ ಮುಂದಾಳತ್ವದಲ್ಲಿ ದಿಂಡಿಗಲ್ ರೈತರು ತಿರುಗಿಬಿದ್ದರು. ಊರೂರಿನಲ್ಲೂ ನಿಧಿ ಕೂಡಿಸಿ, ದನ ಕಳೆದುಕೊಂಡವನಿಗೆ ಅದರಿಂದಲೇ ಪರಿಹಾರ ಕೊಡಲು ನಿಂತರು. ಉಪಾಯ ಜಾಣತನದ್ದೇ: ಪರಿಹಾರ ಊರೇ ಕೊಟ್ಟ ಮೇಲೆ ತುಪ್ಪುಕೂಲಿ ಯಾರಿಗೆ ಬೇಕು? ಆದರೆ ನಡುವಿನವನು ಹೋದ ಮೇಲೆ ಎರಡು ಕಡೆಯವರೂ ಎದುರುಬದುರಾದರು. ಕಳ್ಳರ್ ಮನೆಗಳಿಗೆ ಬೆಂಕಿ ಬಿತ್ತು, ಕುಟುಂಬಗಳು ಊರು ಬಿಟ್ಟವು. ಮುಂದೆ ಸರ್ಕಾರ ಇಡೀ ಸಮುದಾಯವನ್ನೇ ಅಪರಾಧಿ ಬುಡಕಟ್ಟುಗಳ ಕಾಯ್ದೆಯಡಿ ತಂದು ಬೆರಳಚ್ಚು ಒತ್ತಿಸಿಕೊಂಡಿತು. ಕೆಲವರ ಕಳವಿಗೆ ಎಲ್ಲರಿಗೂ ದಂಡ!

ಇಂಥ ಕೂಲಿಯ ಪ್ರಶ್ನೆ ಕನ್ನಡಿಗರಿಗೆ ಹೊಸದಲ್ಲ. 2000ದಲ್ಲಿ ಕಾಡುಗಳ್ಳ ವೀರಪ್ಪನ್ ಗಾಜನೂರಿನಿಂದ ನಟ ರಾಜಕುಮಾರ್ ಅವರನ್ನು ಅಪಹರಿಸಿದಾಗ ಪತ್ರಕರ್ತ ನಕ್ಕೀರನ್ ಗೋಪಾಲ್, ಬಳಿಕ ತಮಿಳು ನಾಯಕ ಪಳ ನೆಡುಮಾರನ್ ಕಾಡಿಗೆ ಹೋಗಿ ಮಾತಾಡಿದರು. 108 ದಿನಗಳ ಮೇಲೆ ಅಣ್ಣಾವ್ರು ಮನೆಗೆ ಬಂದರು. ದುಡ್ಡು ಕೈ ಬದಲಾಯಿತೇ ಎಂಬ ಜಗಳ ಮಾತ್ರ ಆಮೇಲೂ ನಿಲ್ಲಲಿಲ್ಲ.

ಮಧ್ಯಸ್ಥಿಕೆಗೆ ಬೇರೆ ಬಗೆಯೂ ಉಂಟು. ಮೊದಲು ಹೇಳಿದ ದಿಂಡಿಗಲ್ ಪಕ್ಕದಲ್ಲೇ 1947ರಲ್ಲಿ ಸೌಂದರಂ ಮತ್ತು ಜಿ. ರಾಮಚಂದ್ರನ್ ದಂಪತಿ ಕಟ್ಟಿದ ಗಾಂಧಿಗ್ರಾಮ, ವಿದ್ಯಾರ್ಥಿಗಳ ಶಾಂತಿಸೇನೆಯನ್ನೂ ಬೆಳೆಸಿತು. ಈ ಬಳಗದವರೇ ಎಸ್. ಜಗನ್ನಾಥನ್ ಮತ್ತು ಕೃಷ್ಣಮ್ಮಾಳ್. ಗಂಡ ಸಿರಿವಂತರ ಮನೆಯವರು, ಹೆಂಡತಿ ದಿಂಡಿಗಲ್ ಸೀಮೆಯ ಬಡ ದಲಿತ ಕುಟುಂಬದವರು. 1968ರ ಡಿಸೆಂಬರ್ 25ರಂದು ಅಂದಿನ ತಂಜಾವೂರು ಜಿಲ್ಲೆಯ ಕೀಳ್ವೆಣ್ಮಣಿಯಲ್ಲಿ ಕೂಲಿ ಜಗಳಕ್ಕೆ 44 ದಲಿತರು ಸುಟ್ಟು ಸತ್ತಾಗ ಇಬ್ಬರೂ ಅಲ್ಲಿಗೆ ಹೋದರು. ಬೆಂಕಿ ಇಟ್ಟ ಆರೋಪ ಹೊತ್ತ ಭೂಮಾಲೀಕರು ಹೈಕೋರ್ಟಿನಲ್ಲಿ ಖುಲಾಸೆಯಾದರು. 1980ರಲ್ಲಿ ಅವರ ಮುಖಂಡನ ಕೊಲೆಯಾಯಿತು. ನ್ಯಾಯ ಸಿಗದ ಕಡೆ ಸಮಾಧಾನದ ಮಾತಿಗೆ ಬೆಲೆ ಎಲ್ಲಿಯದು?

ಜಗನ್ನಾಥನ್ ದಂಪತಿ ಹಿಡಿದದ್ದು ಬೇರೆ ದಾರಿ. 1981ರಲ್ಲಿ ‘ಲಾಫ್ಟಿ’ ಸಂಸ್ಥೆ ಕಟ್ಟಿ, ಮಾರಲು ಒಪ್ಪಿದ ಜಮೀನ್ದಾರರೊಡನೆ ಬೆಲೆ ಕುದುರಿಸಿ, ಬ್ಯಾಂಕ್ ಸಾಲ ಕೊಡಿಸಿ, ಗದ್ದೆಯನ್ನು ಕೂಲಿಯವರಿಗೆ ಬಿಡಿಸಿಕೊಟ್ಟರು. ಇಲ್ಲೂ ನಡುವೆ ದುಡ್ಡು ಓಡಾಡಿತು, ಸಾಲದ ಕಾಗದವೂ ಇತ್ತು. ನೆಲದ ನೋಂದಣಿ ಮಾತ್ರ ಹೆಂಗಸರ ಹೆಸರಿಗೆ.