ಮೂಳೆ ಒಂದೇ, ಮದ್ದು ಬೇರೆ



ಶಿವಾಜಿನಗರದ ಸಂತ ಮರಿಯಮ್ಮನವರ ಬೆಸಿಲಿಕದಿಂದ ಬೌರಿಂಗ್ ಆಸ್ಪತ್ರೆಗೆ ದೂರವೇನಿಲ್ಲ. 1860ರ ದಶಕದಲ್ಲಿ ದಂಡುಪ್ರದೇಶದ ಜನರಿಗಾಗಿ ಆರಂಭವಾದ ಈ ಆಸ್ಪತ್ರೆಗೆ ಅಂದಿನ ಕಮಿಷನರ್ ಲೆವಿನ್ ಬೌರಿಂಗ್ ಅವರ ಹೆಸರಿದೆ. ಅದಕ್ಕೆ ಎರಡು ದಶಕಗಳ ಹಿಂದಷ್ಟೇ, 1846ರಲ್ಲಿ, ಅಮೆರಿಕದ ಬೋಸ್ಟನ್‌ನಲ್ಲಿ ಈಥರ್ ಅರಿವಳಿಕೆಯ ಬಹಿರಂಗ ಪ್ರಯೋಗ ನಡೆದಿತ್ತು. ಅರಿವಳಿಕೆಯು ಶಸ್ತ್ರಚಿಕಿತ್ಸೆಯ ಹೊತ್ತಿನ ನೋವನ್ನು ಗೆದ್ದಿತು. ಅನಂತರದ ರಾತ್ರಿಗಳ ನೋವು ಉಳಿದೇ ಉಳಿಯಿತು.

ಆ ನೋವಿಗೆ ಕೊಡುವ ಮದ್ದು ದೇಶದಿಂದ ದೇಶಕ್ಕೆ ಬೇರೆ. ಸೊಂಟದ ಮೂಳೆ ಮುರಿದು ಶಸ್ತ್ರಚಿಕಿತ್ಸೆಗೆ ಒಳಗಾದ ಅಮೆರಿಕನ್ನರನ್ನೂ ನೆದರ್ಲೆಂಡ್ಸಿನವರನ್ನೂ 2009ರಲ್ಲಿ ಪ್ರಕಟವಾದ ಅಧ್ಯಯನವೊಂದು ಹೋಲಿಸಿತು. ಆಸ್ಪತ್ರೆ ಬಿಟ್ಟ ಮೇಲೆ ಅಮೆರಿಕದಲ್ಲಿ ನೂರಕ್ಕೆ 77 ಮಂದಿಗೆ ಅಫೀಮು ವರ್ಗದ ಔಷಧಿ ಬರೆದುಕೊಡಲಾಗಿತ್ತು. ನೆದರ್ಲೆಂಡ್ಸಿನಲ್ಲಿ ಒಬ್ಬರಿಗೂ ಇಲ್ಲ. ಮುರಿದ ಮೂಳೆ ಒಂದೇ. ವೈದ್ಯರ ರೂಢಿ, ರೋಗಿಗಳ ನಿರೀಕ್ಷೆ ಬೇರೆ. ಅಮೆರಿಕದಲ್ಲಿ 1996ರಲ್ಲಿ ಆಕ್ಸಿಕಾಂಟಿನ್ ಮಾರುಕಟ್ಟೆಗೆ ಬಂದಾಗ ಕಂಪನಿಯ ಪ್ರಚಾರವೂ ಸೇರಿಕೊಂಡಿತು. ಮುಂದೆ ಈ ವರ್ಗದ ಔಷಧಿಗಳ ಚಟ ಅಲ್ಲಿ ಲಕ್ಷಾಂತರ ಜೀವಗಳನ್ನು ಬಲಿ ತೆಗೆದುಕೊಂಡಿತು.

ನಮ್ಮ ದೇಶದ ಕಥೆ ಇದಕ್ಕೆ ತದ್ವಿರುದ್ಧ. ಸರ್ಕಾರದ ಪರವಾನಗಿಯಲ್ಲಿ ಅಫೀಮು ಬೆಳೆದು ಜಗತ್ತಿನ ಔಷಧಿಗೆ ಒದಗಿಸುವ ನಾಡು ನಮ್ಮದು. ಆದರೂ 1985ರ ಮಾದಕ ವಸ್ತು ಕಾಯಿದೆಯ ಕಠಿಣ ಶಿಕ್ಷೆಗೆ ಹೆದರಿ ಆಸ್ಪತ್ರೆಗಳೂ ಔಷಧಿ ಅಂಗಡಿಗಳೂ ಮಾರ್ಫಿನ್ ಇಡುವುದನ್ನೇ ಬಿಟ್ಟವು. ವರ್ಷಕ್ಕೆ ನೂರಾರು ಕಿಲೋ ಬಳಕೆಯಾಗುತ್ತಿದ್ದದ್ದು 1997ರ ವೇಳೆಗೆ ಇಡೀ ದೇಶದಲ್ಲಿ ಕೇವಲ 18 ಕಿಲೋಗೆ ಇಳಿಯಿತು. 2014ರ ತಿದ್ದುಪಡಿ ನಿಯಮಗಳನ್ನು ಸಡಿಲಿಸಿತಾದರೂ ಭಯ ಪೂರ್ತಿ ಕರಗಿಲ್ಲ. ಇಂದಿಗೂ ಮೂಳೆಯ ಶಸ್ತ್ರಚಿಕಿತ್ಸೆ ಮುಗಿಸಿ ಮನೆಗೆ ಬರುವ ನಮ್ಮವರ ಚೀಟಿಯಲ್ಲಿ ಸಾಮಾನ್ಯವಾಗಿ ಇರುವುದು ಪ್ಯಾರಸಿಟಮಾಲ್, ಊತ ಇಳಿಸುವ ಗುಳಿಗೆ, ಕೆಲವೊಮ್ಮೆ ಟ್ರಮಡಾಲ್. ಅನೇಕರಿಗೆ ಅಷ್ಟೇ ಸಾಕು. ಸಾಲದವರ ಪಾಡೇನು?

ಅಂಥವರಿಗೆ "ಶಿಲುಬೆಯನ್ನು ನೆನೆದು ಸಹಿಸಿಕೊಳ್ಳಿ" ಎನ್ನುವುದು ನಮಗೆ ಸುಲಭ. ವ್ಯಾಧಿಸ್ಥರ ಅಭ್ಯಂಗಕ್ಕೆ ಹೋದಾಗ ನಾನೂ ಹಾಗೆ ಹೇಳಿದ್ದುಂಟು. ಸೊಂಟದ ಮೂಳೆಗೆ ರಾಡ್ ಹಾಕಿಸಿಕೊಂಡ ವೃದ್ಧೆಯೊಬ್ಬರು ಒಮ್ಮೆ ನನ್ನ ಕೈ ಹಿಡಿದು, "ಸ್ವಾಮಿ, ನೋವಿನಲ್ಲಿ ಜಪವೇ ಬಾಯಿಗೆ ಬರುತ್ತಿಲ್ಲ" ಎಂದರು. ನನ್ನಲ್ಲಿ ಉತ್ತರವಿರಲಿಲ್ಲ.

ಧರ್ಮಸಭೆ ಈ ಪ್ರಶ್ನೆಗೆ ಎಂದೋ ಉತ್ತರಿಸಿದೆ. 1957ರ ಫೆಬ್ರವರಿ 24ರಂದು ಅರಿವಳಿಕೆ ತಜ್ಞರನ್ನು ಉದ್ದೇಶಿಸಿ ಮಾತನಾಡಿದ ಜಗದ್ಗುರು ಹನ್ನೆರಡನೇ ಪಯಸ್, ನೋವನ್ನು ತಗ್ಗಿಸುವ ಔಷಧಿಯನ್ನು ವಿಶ್ವಾಸದ ಹೆಸರಿನಲ್ಲಿ ನಿರಾಕರಿಸಬೇಕೆಂಬ ನಿಯಮವಿಲ್ಲವೆಂದು ಸ್ಪಷ್ಟಪಡಿಸಿದರು. ತನ್ನ ನೋವನ್ನು ಸ್ವಇಚ್ಛೆಯಿಂದ ಪ್ರಭುವಿಗೆ ಅರ್ಪಿಸುವವರ ತ್ಯಾಗ ದೊಡ್ಡದೇ. ಆದರೆ ಆ ತ್ಯಾಗವನ್ನು ಮತ್ತೊಬ್ಬರ ಮೇಲೆ ಹೇರುವ ಹಕ್ಕು ಯಾರಿಗೂ ಇಲ್ಲ. ಸಂತ ಲೂಕರ ಶುಭಸಂದೇಶದ ಸಮಾರಿಯದವನು ಗಾಯಗೊಂಡವನಿಗೆ ಉಪದೇಶ ಮಾಡಲಿಲ್ಲ. ಎಣ್ಣೆ, ದ್ರಾಕ್ಷಾರಸ ಹೊಯ್ದು ಗಾಯ ಕಟ್ಟಿದನು.

ಆದ್ದರಿಂದ ಓದುಗರೇ, ನಿಮ್ಮ ಮನೆಯ ಹಿರಿಯರು ಆಪರೇಷನ್ ಮುಗಿಸಿ ಬಂದಾಗ ನೋವಿದೆಯೇ ಎಂದು ಕೇಳಿರಿ. ರಾತ್ರಿ ನಿದ್ರೆ ಬಾರದಿದ್ದರೆ ಸಂಕೋಚಪಡದೆ ವೈದ್ಯರಿಗೆ ತಿಳಿಸಿರಿ. ಅಂಗಡಿಯಿಂದ ತಾವಾಗಿಯೇ ಗುಳಿಗೆ ತಂದು ನುಂಗಿಸಬೇಡಿರಿ. ವಯಸ್ಸಾದವರ ಹೊಟ್ಟೆಗೂ ಮೂತ್ರಪಿಂಡಕ್ಕೂ ಅದು ಹಾನಿ ಮಾಡೀತು. ಉಳಿದ ಗುಳಿಗೆಯನ್ನು ಇನ್ನೊಬ್ಬರಿಗೆ ಕೊಡಬೇಡಿರಿ. ನೋವು ಇಳಿದ ಮೇಲೆ ಅವರ ಪಕ್ಕ ಕುಳಿತು ಜಪಸರ ಹಿಡಿಯಿರಿ. ಆಗ ಅವರ ಬಾಯಿಗೂ ಜಪ ಬಂದೀತು.