ದಲ್ಲಾಳಿಯ ಮಾತು, ದಲ್ಲಾಳಿಯ ಮೌನ

ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಈಗ ಅವನು ಮನೆ, ನಿವೇಶನಗಳನ್ನು ಕೊಡಿಸುವ ಏಜೆಂಟ್. ಕಾಫಿ ಕುಡಿಯುತ್ತ ಒಂದು ಪ್ರಶ್ನೆ ಕೇಳಿದ: “ಸಾರ್, ಮೊಬೈಲಿನಲ್ಲಿ ಸೈಟಿನ ಫೋಟೋ ಹಾಕುವಾಗ ನಾನು ಏಜೆಂಟ್ ಅಂತ ಹೇಳಲೇಬೇಕಾ? ಹೇಳಿದರೆ ಅರ್ಧ ಜನ ಫೋನೇ ಮಾಡುವುದಿಲ್ಲ.” “ಹೇಳಬೇಕಪ್ಪ” ಎಂದಷ್ಟೇ ಅಂದೆ. ಆದರೆ ಮೂವತ್ತು ವರ್ಷಕ್ಕೂ ಮಿಗಿಲಾಗಿ ಇತಿಹಾಸ ಪಾಠ ಮಾಡಿದವನಿಗೆ ಒಂದು ಪದದ ಉತ್ತರದಿಂದ ತೃಪ್ತಿಯಾಗುವುದುಂಟೇ? ಉಳಿದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

‘ದಲ್ಲಾಳಿ’ ಎಂಬ ಪದ ಅರಬ್ಬಿಯಿಂದ ಬಂದದ್ದು. ಅದರ ಮೂಲಧಾತುವಿಗೆ ‘ತೋರಿಸು, ದಾರಿ ತೋರು’ ಎಂಬ ಅರ್ಥವಿದೆ. ದಾರಿ ತೋರಿಸುವವನ ಹೆಸರು ನಮ್ಮಲ್ಲಿ ಬೈಗುಳವಾದದ್ದು ಏಕೆ? ತೋರಿಸಬೇಕಾದವನು ಮುಚ್ಚಿಟ್ಟದ್ದರಿಂದ ಎಂದೇ ನನ್ನ ತಿಳಿವಳಿಕೆ.

ಮುಚ್ಚಿಡಬಾರದೆಂಬ ನಿಯಮ ಹೊಸದಲ್ಲ. 1872ರ ಭಾರತೀಯ ಕರಾರು ಅಧಿನಿಯಮದ 215ನೆಯ ಕಲಮು ಇದನ್ನು ಸ್ಪಷ್ಟವಾಗಿ ಹೇಳುತ್ತದೆ. ಏಜೆಂಟನು ತನ್ನ ಸ್ವಂತ ಲಾಭಕ್ಕಾಗಿ ವ್ಯವಹರಿಸುವುದಾದರೆ, ತನಗೆ ತಿಳಿದ ಮುಖ್ಯ ಸಂಗತಿಗಳನ್ನೆಲ್ಲ ತನ್ನನ್ನು ನೇಮಿಸಿದವನಿಗೆ ಮೊದಲು ತಿಳಿಸಿ ಅವನ ಒಪ್ಪಿಗೆ ಪಡೆಯಬೇಕು. ಆ ಕಾಯಿದೆಯೊಳಗೇ ಒಂದು ಪುಟ್ಟ ಕಥೆಯಿದೆ. ಒಬ್ಬನು ತನ್ನ ಜಮೀನನ್ನು ಮಾರಿಕೊಡುವಂತೆ ಏಜೆಂಟನಿಗೆ ಹೇಳುತ್ತಾನೆ. ಜಮೀನು ನೋಡಲು ಹೋದ ಏಜೆಂಟನಿಗೆ ಅಲ್ಲಿ ಗಣಿಯೊಂದು ಕಾಣುತ್ತದೆ. ಗಣಿಯ ಸುದ್ದಿಯನ್ನು ಬಚ್ಚಿಟ್ಟು, “ಇದನ್ನು ನಾನೇ ಕೊಳ್ಳುತ್ತೇನೆ” ಎನ್ನುತ್ತಾನೆ. ಸತ್ಯ ತಿಳಿದ ಮೇಲೆ ಆ ಮಾರಾಟವನ್ನು ಉಳಿಸಿಕೊಳ್ಳುವುದೋ ತಳ್ಳಿಹಾಕುವುದೋ ಮಾಲೀಕನ ಇಚ್ಛೆ.

ಹತ್ತು ವರ್ಷಗಳ ಬಳಿಕ, 1882ರಲ್ಲಿ, ಸ್ವತ್ತು ವರ್ಗಾವಣೆ ಅಧಿನಿಯಮ ಬಂದಿತು. ಕೊಳ್ಳುವವನು ಸಾಮಾನ್ಯ ಎಚ್ಚರಿಕೆಯಿಂದ ಕಂಡುಹಿಡಿಯಲಾಗದ, ಆದರೆ ಮಾರುವವನಿಗೆ ತಿಳಿದಿರುವ ದೋಷಗಳನ್ನು ಮಾರುವವನೇ ಹೇಳಬೇಕೆಂದು ಅದರ 55ನೆಯ ಕಲಮು ವಿಧಿಸಿತು.

ಈ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿರಿ. ಏಜೆಂಟನು ತನ್ನ ಯಜಮಾನನಿಗೆ ಹೇಳಬೇಕು. ಮಾರುವವನು ಕೊಳ್ಳುವವನಿಗೆ ಹೇಳಬೇಕು. ಆದರೆ ಕೊಳ್ಳುವವನ ಕೈಹಿಡಿದು ಜಾಗ ತೋರಿಸುವ ಮಧ್ಯವರ್ತಿಯು, ತಾನು ಯಾರ ಕಡೆಯವನು, ತನಗೇನು ಸಿಗುತ್ತದೆ ಎಂಬುದನ್ನು ಆ ಕೊಳ್ಳುವವನಿಗೆ ಹೇಳಬೇಕೆಂದು ಎರಡರಲ್ಲೂ ಬರೆದಿರಲಿಲ್ಲ. ಆ ಸಂದಿಯಲ್ಲಿಯೇ ಒಂದು ಶತಮಾನಕ್ಕೂ ಹೆಚ್ಚು ಕಾಲ ವ್ಯಾಪಾರ ನಡೆಯಿತು.

ಆ ಸಂದಿಯಲ್ಲಿ ನಾನೂ ಒಮ್ಮೆ ನಿಂತಿದ್ದೆ. ನನ್ನ ಮನೆಯವರಿಗೂ ಪೂರ್ತಿಯಾಗಿ ತಿಳಿಯದ ಸಂಗತಿ ಇದು.

1996ರಲ್ಲಿ ಊರಾಚೆಯ ಬಡಾವಣೆಯೊಂದರಲ್ಲಿ ನಿವೇಶನ ಕೊಂಡೆ. ಮಾರುವವರು, “ಮೇಷ್ಟ್ರೇ, ಇನ್ನಿಬ್ಬರು ಶಿಕ್ಷಕರನ್ನು ಕರೆತನ್ನಿ, ನಿಮ್ಮ ಬೆಲೆಯಲ್ಲಿ ಐದು ಸಾವಿರ ಬಿಡುತ್ತೇನೆ” ಎಂದರು. ನಾನು ಇಬ್ಬರು ಸಹೋದ್ಯೋಗಿಗಳನ್ನು ಕರೆದೊಯ್ದೆ. “ಒಳ್ಳೆಯ ಜಾಗ, ನಾನೇ ತೆಗೆದುಕೊಂಡಿದ್ದೇನೆ” ಎಂದೆ. ಅದರಲ್ಲಿ ಸುಳ್ಳಿನ ಒಂದು ಅಕ್ಷರವೂ ಇರಲಿಲ್ಲ. ಐದು ಸಾವಿರದ ಮಾತನ್ನು ಮಾತ್ರ ಎತ್ತಲಿಲ್ಲ.

ಅದು ಕೃಷಿ ಜಮೀನು. 1964ರ ಕರ್ನಾಟಕ ಭೂಕಂದಾಯ ಅಧಿನಿಯಮದ 95ನೆಯ ಕಲಮಿನಡಿ ಆಗಬೇಕಾಗಿದ್ದ ಭೂಪರಿವರ್ತನೆ ಆಗಿರಲೇ ಇಲ್ಲ. ಮನೆ ಕಟ್ಟಲು ಪರವಾನಗಿ ಸಿಗಲಿಲ್ಲ. ಇಬ್ಬರಲ್ಲಿ ಹಿರಿಯರಾದ ಗಣಿತದ ಮೇಷ್ಟ್ರು ಭವಿಷ್ಯನಿಧಿಯಿಂದ ಸಾಲ ತೆಗೆದು ಹಣ ಕಟ್ಟಿದ್ದರು. ಅವರು ನನ್ನನ್ನು ಎಂದೂ ದೂರಲಿಲ್ಲ. “ಪಾಪ, ನಿಮಗೂ ನನ್ನಂತೆಯೇ ಮೋಸವಾಯಿತಲ್ಲ” ಎಂದು ನನ್ನನ್ನೇ ಸಮಾಧಾನಪಡಿಸಿದರು. ಬಾಡಿಗೆ ಮನೆಯಲ್ಲಿಯೇ ಅವರು ತೀರಿಕೊಂಡರು. ಐದು ಸಾವಿರದ ವಿಷಯ ಅವರಿಗೆ ತಿಳಿಯಲೇ ಇಲ್ಲ.

2016ರಲ್ಲಿ ಸಂಸತ್ತು ಸ್ಥಿರಾಸ್ತಿ (ನಿಯಂತ್ರಣ ಮತ್ತು ಅಭಿವೃದ್ಧಿ) ಅಧಿನಿಯಮವನ್ನು ಮಾಡಿತು. ‘ರೇರಾ’ ಎಂದರೆ ನಿಮಗೆಲ್ಲ ತಿಳಿದೀತು. 2017ರ ಮೇ 1ರಿಂದ ಅದು ಪೂರ್ಣವಾಗಿ ಜಾರಿಗೆ ಬಂದಿತು. ನಮ್ಮ ರಾಜ್ಯದ ನಿಯಮಗಳು ಅದೇ ಜುಲೈನಲ್ಲಿ ಹೊರಬಂದವು. ಅದರಂತೆ ನೋಂದಾಯಿತ ಯೋಜನೆಯ ನಿವೇಶನವನ್ನೋ ಫ್ಲಾಟನ್ನೋ ಮಾರಿಸುವ ಏಜೆಂಟನು ತಾನೂ ನೋಂದಾಯಿಸಿಕೊಂಡಿರಬೇಕು. ಮಾಡಿಸಿದ ಪ್ರತಿಯೊಂದು ಮಾರಾಟದಲ್ಲಿಯೂ ತನ್ನ ನೋಂದಣಿ ಸಂಖ್ಯೆಯನ್ನು ನಮೂದಿಸಬೇಕು. ಬಿಲ್ಡರಿಗೆ ಇಲ್ಲದ ಅನುಮೋದನೆಯನ್ನು ಇದೆಯೆಂದು ಬಾಯಿಮಾತಿನಲ್ಲಿಯೂ ಹೇಳಕೂಡದು. ತಪ್ಪಿದರೆ ದಿನಕ್ಕೆ 10,000 ರೂಪಾಯಿಯಂತೆ, ಸ್ವತ್ತಿನ ಬೆಲೆಯ ಶೇಕಡ 5ರವರೆಗೆ ದಂಡ.

ಆ ಕಾಯಿದೆಯಲ್ಲಿ ಏಜೆಂಟ್ ಯಾರೆಂದು ವಿವರಿಸುವ ವಾಕ್ಯವನ್ನು ಓದಿದಾಗ ನಾನು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ‘ಯಾವುದೇ ಮಾಧ್ಯಮದ ಮೂಲಕ’ ಕೊಳ್ಳುವವರನ್ನೂ ಮಾರುವವರನ್ನೂ ಪರಸ್ಪರ ಪರಿಚಯಿಸಿ, ‘ಕಮಿಷನ್ ರೂಪದಲ್ಲಾಗಲಿ ಬೇರೆ ರೂಪದಲ್ಲಾಗಲಿ’ ಪ್ರತಿಫಲ ಪಡೆಯುವವನೂ ಏಜೆಂಟನೇ. ಮೊಬೈಲಿನ ಪರದೆ ಒಂದು ಮಾಧ್ಯಮವಾದರೆ ಶಾಲೆಯ ಸಿಬ್ಬಂದಿ ಕೊಠಡಿಯೂ ಒಂದು ಮಾಧ್ಯಮವೇ ಅಲ್ಲವೇ?

2022ರ ಜೂನಿನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ದಾರಿತಪ್ಪಿಸುವ ಜಾಹೀರಾತುಗಳ ಬಗ್ಗೆ ಮಾರ್ಗಸೂಚಿ ಹೊರಡಿಸಿತು. ಜಾಹೀರಾತಿನಲ್ಲಿ ಒಂದು ವಸ್ತುವನ್ನು ಹೊಗಳುವವನಿಗೂ ಮಾರುವವನಿಗೂ ನಡುವೆ, ಕೇಳುವವರು ನಿರೀಕ್ಷಿಸದಂಥ ಸಂಬಂಧವಿದ್ದು, ಅದು ಹೊಗಳಿಕೆಯ ಬೆಲೆಯನ್ನೇ ಬದಲಿಸುವಂತಿದ್ದರೆ, ಅದನ್ನು ಪೂರ್ತಿಯಾಗಿ ಬಹಿರಂಗಪಡಿಸಬೇಕೆಂದು ಅದು ಹೇಳುತ್ತದೆ. 1872ರಲ್ಲಿ ಯಜಮಾನನಿಗೆ ಮಾತ್ರ ಸಲ್ಲುತ್ತಿದ್ದ ಸತ್ಯ ಹೀಗೆ ನಿಧಾನವಾಗಿ, ಎದುರಿಗೆ ಕುಳಿತು ನಂಬುವವನ ಹಕ್ಕಾಗುತ್ತಿದೆ.

ರೇರಾ ಕೂಡ ಎಲ್ಲವನ್ನೂ ಮುಟ್ಟುವುದಿಲ್ಲ. 500 ಚದರ ಮೀಟರ್ ಮೀರದ ಜಾಗದ ಯೋಜನೆಗೂ, ಎಂಟು ಫ್ಲಾಟುಗಳನ್ನು ಮೀರದ ಯೋಜನೆಗೂ ನೋಂದಣಿ ಬೇಕಿಲ್ಲ. ಯಾರೋ ತಮ್ಮ ಹಳೆಯ ಮನೆಯನ್ನು ಮಾರಿದರೂ ಅಷ್ಟೇ. ಅಲ್ಲಿ ಸಂಖ್ಯೆಯನ್ನು ಕೇಳುವವರಿಲ್ಲ.

ಆದ್ದರಿಂದ, ಪ್ರಿಯ ಶಿಷ್ಯನೇ, ಫೋಟೋದ ಕೆಳಗೆ ಮೂರು ವಿಷಯ ಬರೆ: ನಾನು ಏಜೆಂಟ್, ಇಂಥವರ ಪರವಾಗಿ ಮಾತನಾಡುತ್ತಿದ್ದೇನೆ, ನನಗೆ ಇಷ್ಟು ಸಿಗುತ್ತದೆ. ಅರ್ಧ ಜನ ಫೋನ್ ಮಾಡದೆ ಹೋಗಲಿ. ಉಳಿದರ್ಧ ಜನರೊಡನೆ ನೀನು ತಲೆಯೆತ್ತಿ ಮಾತನಾಡಬಹುದು. ನಮ್ಮ ಗಣಿತದ ಮೇಷ್ಟ್ರ ಮುಂದೆ ನನಗೆ ಅದು ಎಂದೂ ಸಾಧ್ಯವಾಗಲಿಲ್ಲ.